ಪಾಠ ತಲುಪಿತೇ ಎಂದು ನೋಡುವುದು

(ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಶಿಕ್ಷಕ ಬಂಧುಗಳೇ,

ಶಿಕ್ಷಕರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಹೊಸ ವಿಧಾನ, ಹೊಸ ನಮೂನೆ, ಹೊಸ ದಾಖಲೆ ಪುಸ್ತಕ, ಹೊಸ ಚಟುವಟಿಕೆ ಎಂದು ವರ್ಷಕ್ಕೊಂದು ಹೊರೆ ಬಂದು ಸೇರುತ್ತಲೇ ಇರುತ್ತದೆ. ಹಳೆಯದರಲ್ಲಿ ಇಂಥದ್ದನ್ನು ಬಿಟ್ಟುಬಿಡಿ ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ಆದ್ದರಿಂದ ಇಂದು ನಿಮ್ಮ ಕೆಲಸದ ಪಟ್ಟಿಗೆ ಮತ್ತೊಂದು ಸಾಲನ್ನು ಸೇರಿಸುವ ಉದ್ದೇಶ ನನಗಿಲ್ಲ. ಈಗಾಗಲೇ ನೀವು ಖರ್ಚು ಮಾಡುತ್ತಿರುವ ಒಂದು ಸಂಪನ್ಮೂಲವನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಬಹುದು ಎಂಬುದಷ್ಟನ್ನೇ ಹೇಳಲು ಬಯಸುತ್ತೇನೆ.

ಆ ಸಂಪನ್ಮೂಲ ನಿಮ್ಮ ಗಮನ. ತರಗತಿಯ ಒಂದು ಅವಧಿಯಲ್ಲಿ ಶಿಕ್ಷಕರ ಗಮನದ ಬಹುಪಾಲು ಅವರ ಮಾತಿನ ಮೇಲೆಯೇ ಇರುತ್ತದೆ: ಮುಂದೆ ಏನು ಹೇಳಬೇಕು, ಯಾವ ಉದಾಹರಣೆ ಕೊಡಬೇಕು, ಬೋರ್ಡಿನ ಮೇಲೆ ಎಷ್ಟು ಬರೆಯಬೇಕು, ಗಂಟೆ ಹೊಡೆಯುವುದರೊಳಗೆ ಎಲ್ಲಿಯವರೆಗೆ ಮುಟ್ಟಬೇಕು. ಹೇಳಿದ ಮಾತು ಎದುರಿಗೆ ಕುಳಿತವರ ತಲೆಯಲ್ಲಿ ಯಾವ ರೂಪ ಪಡೆಯಿತು ಎಂದು ನೋಡುವುದಕ್ಕೆ ಉಳಿಯುವ ಗಮನ ಅತ್ಯಲ್ಪ. ಕೊನೆಗೆ ನಾವು "ಎಲ್ಲರಿಗೂ ಅರ್ಥವಾಯಿತೇ?" ಎಂದು ಕೇಳುತ್ತೇವೆ, ಮಕ್ಕಳು ತಲೆಯಾಡಿಸುತ್ತಾರೆ, ಉಭಯ ಪಕ್ಷಗಳೂ ನೆಮ್ಮದಿಯಿಂದ ಮುಂದಿನ ಪುಟಕ್ಕೆ ಹೋಗುತ್ತವೆ. ಇಷ್ಟು ಕಡಿಮೆ ಮಾಹಿತಿ ತರುವ ಇನ್ನೊಂದು ಪ್ರಶ್ನೆ ಶಾಲೆಯಲ್ಲಿ ಇರಲಾರದು, ಏಕೆಂದರೆ ಅರ್ಥವಾಗದ ಮಗುವಿಗೆ ತನಗೆ ಅರ್ಥವಾಗಿಲ್ಲ ಎಂಬುದೇ ಅನೇಕ ವೇಳೆ ಗೊತ್ತಿರುವುದಿಲ್ಲ. ಗೊತ್ತಿದ್ದ ಮಗುವಿಗೆ ಅದನ್ನು ಎಲ್ಲರೆದುರು ಒಪ್ಪಿಕೊಳ್ಳುವ ಕಾರಣವಿರುವುದಿಲ್ಲ. ನಾನು ಹೇಳಲಿರುವ ಎಲ್ಲ ಮಾತುಗಳೂ ಈ ಒಂದು ಪ್ರಶ್ನೆಯ ಜಾಗದಲ್ಲಿ ಏನನ್ನು ಇಡಬಹುದು ಎಂಬುದರ ಸುತ್ತಲೇ ಇವೆ.

ಮೊದಲು ಮೌನದ ವಿಷಯ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ಅವರು ಪ್ರಾಥಮಿಕ ತರಗತಿಗಳ ಪಾಠಗಳನ್ನು ಧ್ವನಿಮುದ್ರಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸಿಕ್ಕ ಉತ್ತರ ಸರಾಸರಿ ಒಂದು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಶಿಕ್ಷಕರು ಪ್ರಶ್ನೆಯನ್ನು ಮತ್ತೆ ಹೇಳುತ್ತಿದ್ದರು, ಇನ್ನೊಬ್ಬರನ್ನು ಕೇಳುತ್ತಿದ್ದರು ಅಥವಾ ತಾವೇ ಉತ್ತರಿಸುತ್ತಿದ್ದರು. ಈ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಮಕ್ಕಳು ತಾವಾಗಿ ಮಾತಾಡುವುದು ಹೆಚ್ಚಿತು, ನಿಧಾನದವರು ಎಂದು ಶಿಕ್ಷಕರು ಎಣಿಸಿದ್ದ ಮಕ್ಕಳೂ ಬಾಯಿ ತೆರೆದರು. 1974ರಲ್ಲಿ ಅವರು ಪ್ರಕಟಿಸಿದ ಈ ಫಲಿತಾಂಶಗಳಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ: ಶಿಕ್ಷಕರು ಜಾಣರೆಂದು ಎಣಿಸಿದ ಮಕ್ಕಳಿಗೆ ಕಾಯುತ್ತಿದ್ದ ಸಮಯವು ಹಿಂದುಳಿದವರೆಂದು ಎಣಿಸಿದವರಿಗೆ ಕಾಯುತ್ತಿದ್ದುದರ ಹೆಚ್ಚುಕಡಿಮೆ ಎರಡರಷ್ಟಿತ್ತು. ಯಾರಿಗೆ ಯೋಚಿಸಲು ಹೆಚ್ಚು ಸಮಯ ಬೇಕೋ ಅವರಿಗೇ ಕಡಿಮೆ ಸಮಯ ಸಿಗುತ್ತಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಉತ್ತರ ಬರಲಾರದು ಎಂದುಕೊಂಡವರ ಎದುರು ಕಾಯುವುದು ಕ್ರೌರ್ಯದಂತೆ ತೋರುತ್ತದೆ. ದಯೆಯಿಂದಲೇ ನಾವು ಆ ಮಗುವನ್ನು ದಾಟಿ ಹೋಗುತ್ತೇವೆ.

ಮೂರು ಸೆಕೆಂಡು ಕಾಯಿರಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಬೋರ್ಡಿನ ಮುಂದೆ ನಿಂತವರಿಗೆ ಆ ಮೂರು ಸೆಕೆಂಡುಗಳು ಬಹಳ ದೀರ್ಘವಾಗಿ ಕಾಣುತ್ತವೆ, ಮುಂದಿನ ಬೆಂಚಿನ ಇಬ್ಬರು ಆಗಲೇ ಕೈ ಎತ್ತಿ ಕುಳಿತಲ್ಲೇ ಏಳತೊಡಗಿರುತ್ತಾರೆ. ಆದ್ದರಿಂದ ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: "ನಾನು ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು, ಯಾರೂ ಕೈ ಎತ್ತಬಾರದು, ಅದು ಎಲ್ಲರೂ ಯೋಚಿಸುವ ಸಮಯ." ಎರಡನೆಯದಾಗಿ, ಪ್ರಶ್ನೆಯನ್ನು ಮೊದಲು ಕೇಳಿ, ಹೆಸರನ್ನು ಕೊನೆಗೆ ಹೇಳಿ. ಹೆಸರು ಮೊದಲು ಬಂದರೆ ಉಳಿದ ಎಲ್ಲರಿಗೂ ಯೋಚಿಸುವ ಕೆಲಸದಿಂದ ರಜೆ ಸಿಕ್ಕಂತಾಗುತ್ತದೆ. ಮೂರನೆಯದಾಗಿ, ಒಂದು ಮಗು ಉತ್ತರ ಕೊಟ್ಟ ತಕ್ಷಣ "ಸರಿ" ಎಂದೋ "ತಪ್ಪು" ಎಂದೋ ತೀರ್ಪು ಕೊಡುವ ಬದಲು ಅಲ್ಲಿಯೂ ಒಂದಿಷ್ಟು ತಡೆಯಿರಿ. ರೋ ಅವರು ಗುರುತಿಸಿದ ಎರಡನೇ ಮೌನ ಇದೇ, ಮತ್ತು ನನ್ನ ಅಂದಾಜಿನಲ್ಲಿ ಹೆಚ್ಚು ಫಲ ಕೊಡುವುದೂ ಇದೇ. ಏಕೆಂದರೆ ತೀರ್ಪು ಬಾರದೆ ಇದ್ದಾಗ ಮಗು ತನ್ನ ಉತ್ತರಕ್ಕೆ ಕಾರಣ ಸೇರಿಸುತ್ತದೆ, ಪಕ್ಕದವರು "ಇಲ್ಲ, ಹಾಗಲ್ಲ" ಎನ್ನುತ್ತಾರೆ. ಪಾಠವು ಶಿಕ್ಷಕರ ಕೈಯಿಂದ ಸ್ವಲ್ಪ ಹೊತ್ತು ಜಾರುತ್ತದೆ. ಆಗಲೇ ನಮಗೆ ಏನಾದರೂ ಕಾಣತೊಡಗುತ್ತದೆ.

ಎಲ್ಲ ಪ್ರಶ್ನೆಗೂ ಇದು ಬೇಕಿಲ್ಲ. ಏಳೆಂಟಲ ಎಷ್ಟು ಎಂದು ಕೇಳಿ ಮೌನವಾಗಿ ನಿಲ್ಲುವುದರಲ್ಲಿ ಅರ್ಥವಿಲ್ಲ. ನೆನಪಿನಿಂದ ಹೊರತೆಗೆಯುವ ಪ್ರಶ್ನೆಗಳು ಚುರುಕಾಗಿಯೇ ಸಾಗಲಿ. "ಏಕೆ", "ಹೇಗೆ ಗೊತ್ತು", "ಹೀಗಾಗದಿದ್ದರೆ ಏನಾಗುತ್ತಿತ್ತು" ಎಂಬ ಪ್ರಶ್ನೆಗಳಿಗೆ ಮಾತ್ರ ಈ ಕಾಯುವಿಕೆ ಮೀಸಲಿರಲಿ. ಇನ್ನು "ಗೊತ್ತಿಲ್ಲ" ಎಂಬ ಉತ್ತರಕ್ಕೆ ಏನು ಮಾಡಬೇಕು ಎಂದರೆ, ಗದರಬೇಡಿ, ಹಾಗೆಂದು ಬಿಟ್ಟೂ ಬಿಡಬೇಡಿ. "ಸರಿ, ಇನ್ನಿಬ್ಬರು ಏನು ಹೇಳುತ್ತಾರೆ ಕೇಳಿಸಿಕೋ, ಮತ್ತೆ ನಿನ್ನ ಹತ್ತಿರ ಬರುತ್ತೇನೆ" ಎಂದು ಹೇಳಿ ಖಂಡಿತವಾಗಿ ಹಿಂತಿರುಗಿ ಬನ್ನಿ, ಮತ್ತು ಕೇಳಿಸಿಕೊಂಡ ಎರಡು ಉತ್ತರಗಳಲ್ಲಿ ಯಾವುದು ಸರಿ ಎನಿಸುತ್ತದೆ, ಏಕೆ ಎಂದು ಕೇಳಿ. ಕೆಲವು ವಾರಗಳಲ್ಲಿ "ಗೊತ್ತಿಲ್ಲ" ಎನ್ನುವುದು ತಪ್ಪಿಸಿಕೊಳ್ಳುವ ದಾರಿಯಾಗಿ ಉಳಿಯುವುದಿಲ್ಲ.

ಈಗ ತಪ್ಪುಗಳಿಗೆ ಬರುತ್ತೇನೆ. ಇಂದಿನ ಮಾತಿನ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಒಂದು ಮಗು 52ರಲ್ಲಿ 27 ಕಳೆದು 35 ಎಂದು ಬರೆಯುತ್ತದೆ. ನಾವು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ 25 ಎಂದು ತಿದ್ದುತ್ತೇವೆ, "ಗಮನವಿಟ್ಟು ಮಾಡು" ಎಂದೂ ಬರೆಯುತ್ತೇವೆ. ಆದರೆ ಆ ಮಗು ಗಮನವಿಟ್ಟೇ ಮಾಡಿದೆ. ಬಿಡಿಸ್ಥಾನದಲ್ಲಿ 2 ಮತ್ತು 7 ಇವೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾರೋ ಎಂದೋ ಹೇಳಿದ್ದಾರೆ, ಆದ್ದರಿಂದ 7ರಲ್ಲಿ 2 ಹೋದರೆ 5. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋದರೆ 3. ಅದು ಒಂದು ನಿಯಮವನ್ನು ಶಿಸ್ತಿನಿಂದ ಪಾಲಿಸಿದೆ. ಆ ನಿಯಮ ಮಾತ್ರ ತಪ್ಪು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಮಕ್ಕಳ ಇಂಥ ಲೆಕ್ಕಗಳನ್ನು ವಿಶ್ಲೇಷಿಸಿ, ತಪ್ಪು ಉತ್ತರಗಳಲ್ಲಿ ಬಹಳಷ್ಟು ಅಜಾಗರೂಕತೆಯಿಂದ ಹುಟ್ಟಿದವಲ್ಲ, ಒಂದೊಂದರ ಹಿಂದೆಯೂ ನಿರ್ದಿಷ್ಟವಾದ, ಮತ್ತೆ ಮತ್ತೆ ಅದೇ ರೀತಿ ಕೆಲಸ ಮಾಡುವ ತಪ್ಪು ವಿಧಾನವಿದೆ ಎಂದು ತೋರಿಸಿದರು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ದೋಷ ಹುಡುಕುವವರು ಹೇಗೆ ಹುಡುಕುತ್ತಾರೋ ಹಾಗೆ ಶಿಕ್ಷಕರು ಈ ವಿಧಾನವನ್ನು ಪತ್ತೆ ಹಚ್ಚಬೇಕು ಎಂಬುದು ಅವರ ವಾದವಾಗಿತ್ತು. "ಗಮನವಿಟ್ಟು ಮಾಡು" ಎಂಬ ಸಲಹೆ ಆ ಮಗುವಿಗೆ ಏನನ್ನೂ ಹೇಳುವುದಿಲ್ಲ. ಹೆಚ್ಚು ಗಮನವಿಟ್ಟರೆ ಅದೇ ತಪ್ಪನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ.

ಆದ್ದರಿಂದ ನಾವು ಕೇಳುವ ಪ್ರಶ್ನೆಯು ಸರಿ ಉತ್ತರ ಬಂತೇ ಎಂಬುದನ್ನಷ್ಟೇ ಅಲ್ಲದೆ, ತಪ್ಪಿದ್ದರೆ ಯಾವ ತಪ್ಪು ಎಂಬುದನ್ನೂ ಹೊರಗೆಡವುವಂತಿರಬೇಕು. ದಶಮಾಂಶಗಳನ್ನು ತೆಗೆದುಕೊಳ್ಳಿ. 0.8 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಕೆಲವು ಮಕ್ಕಳು 0.35 ಎನ್ನುತ್ತಾರೆ, 35 ಎಂಬುದು 8ಕ್ಕಿಂತ ದೊಡ್ಡದು, ಅಂಕಿಗಳು ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂಬ ಪೂರ್ಣಾಂಕಗಳ ನಿಯಮವನ್ನು ಅವರು ಇಲ್ಲಿಗೂ ತಂದಿದ್ದಾರೆ. ಆದರೆ 0.8 ಎಂದು ಸರಿಯಾಗಿ ಹೇಳಿದವರೆಲ್ಲ ಅರ್ಥಮಾಡಿಕೊಂಡಿದ್ದಾರೆ ಎಂದು ಭಾವಿಸಿ ಮುಂದೆ ಹೋಗುವಂತಿಲ್ಲ. ಹತ್ತನೆಯ ಭಾಗಕ್ಕಿಂತ ನೂರನೆಯ ಭಾಗ ಚಿಕ್ಕದು, ಹಾಗಾಗಿ ಅಂಕಿಗಳು ಹೆಚ್ಚಿದಷ್ಟೂ ದಶಮಾಂಶ ಚಿಕ್ಕದಾಗುತ್ತದೆ ಎಂದು ನಂಬಿದ ಮಕ್ಕಳೂ 0.8 ಎಂದೇ ಹೇಳುತ್ತಾರೆ. ಅವರ ಉತ್ತರ ಸರಿ, ಕಾರಣ ತಪ್ಪು. ಇವರನ್ನು ಗುರುತಿಸಲು 0.3 ಮತ್ತು 0.45 ಎಂಬ ಎರಡನೇ ಜೋಡಿ ಬೇಕು. ಅಲ್ಲಿ ಅವರು 0.3 ದೊಡ್ಡದು ಎನ್ನುತ್ತಾರೆ. ಎರಡು ಜೋಡಿ, ಎರಡು ನಿಮಿಷ, ಮೂರು ಬಗೆಯ ಮಕ್ಕಳು ಬೇರೆಬೇರೆಯಾಗಿ ಕಾಣುತ್ತಾರೆ. ಒಂದು ಪುಟ ತುಂಬ ಲೆಕ್ಕ ಕೊಟ್ಟು ಅಂಕ ಹಾಕಿದ್ದರೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಇದು ಗಣಿತಕ್ಕೆ ಸೀಮಿತವಾದ ಮಾತಲ್ಲ. ಒಂದು ದೊಡ್ಡ ಮರದ ಒಣ ತೂಕದ ಬಹುಪಾಲು ಎಲ್ಲಿಂದ ಬಂತು ಎಂದು ದ್ಯುತಿಸಂಶ್ಲೇಷಣೆಯ ಪಾಠ ಮುಗಿಸಿದ ತರಗತಿಯಲ್ಲಿ ಕೇಳಿ ನೋಡಿ. ಸಮೀಕರಣವನ್ನು ತಪ್ಪಿಲ್ಲದೆ ಬರೆಯಬಲ್ಲ ಮಕ್ಕಳೇ "ಮಣ್ಣಿನಿಂದ" ಎನ್ನುತ್ತಾರೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಗಟ್ಟಿ ಮರವಾಗುತ್ತದೆ ಎಂಬುದನ್ನು ಅವರು ಬರೆದಿದ್ದಾರೆ, ನಂಬಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹದಿನೇಳನೇ ಶತಮಾನದಲ್ಲಿ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ವಿಲೋ ಗಿಡವೊಂದನ್ನು ತೂಕ ಮಾಡಿದ ಮಣ್ಣಿನಲ್ಲಿ ನೆಟ್ಟು, ಐದು ವರ್ಷ ನೀರೆರೆದು, ಗಿಡದ ತೂಕ ಸುಮಾರು 75 ಕಿಲೋಗ್ರಾಂ ಹೆಚ್ಚಿದರೂ ಮಣ್ಣು ಕಳೆದುಕೊಂಡದ್ದು ಸುಮಾರು 57 ಗ್ರಾಂ ಮಾತ್ರ ಎಂದು ಕಂಡುಕೊಂಡ. ಮಣ್ಣಲ್ಲ ಎಂಬುದನ್ನು ಸಾಧಿಸಿಯೂ, ಮರವೆಲ್ಲ ನೀರಿನಿಂದಲೇ ಆಯಿತೆಂಬ ತೀರ್ಮಾನಕ್ಕೆ ಬಂದ. ಈ ಪ್ರಯೋಗದ ಕಥೆಯನ್ನು ಮಕ್ಕಳ ಮುಂದಿಟ್ಟು "ಆತ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ?" ಎಂದು ಕೇಳುವುದು, ಸರಿ ಉತ್ತರವನ್ನು ಮತ್ತೊಮ್ಮೆ ಬರೆಸುವುದಕ್ಕಿಂತ ಉತ್ತಮ ಎಂದು ನನ್ನ ಅಭಿಪ್ರಾಯ. ತಪ್ಪು ತಿಳಿವಳಿಕೆ ಖಾಲಿ ಜಾಗವಲ್ಲವಾದ್ದರಿಂದ ಅದರ ಮೇಲೆ ಸರಿ ಉತ್ತರವನ್ನು ಸುರಿದರೆ ಎರಡೂ ಅಕ್ಕಪಕ್ಕದಲ್ಲಿ ಉಳಿಯುತ್ತವೆ: ಒಂದು ಪರೀಕ್ಷೆಗೆ, ಇನ್ನೊಂದು ಬದುಕಿಗೆ.

ಹೀಗೆ ಪ್ರತಿ ಪಾಠಕ್ಕೂ ಒಂದೇ ಒಂದು ಪ್ರಶ್ನೆಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಿ. ಇಡೀ ಪಾಠ ಯೋಜನೆಯಲ್ಲಿ ಆ ಒಂದು ಸಾಲಿಗೆ ಖರ್ಚು ಮಾಡಿದ ಹತ್ತು ನಿಮಿಷ ಉಳಿದೆಲ್ಲ ಅಂಕಣಗಳನ್ನು ತುಂಬುವ ಸಮಯಕ್ಕಿಂತ ಹೆಚ್ಚು ಲಾಭ ಕೊಡುತ್ತದೆ. ಪ್ರಶ್ನೆ ಕೇಳಿದಾಗ ಎಲ್ಲರೂ ಉತ್ತರಿಸಬೇಕು, ಒಬ್ಬರಲ್ಲ. ಸ್ಲೇಟಿದ್ದರೆ ಬರೆದು ಒಟ್ಟಿಗೆ ಎತ್ತಿ ಹಿಡಿಯಲಿ. ಇಲ್ಲದಿದ್ದರೆ ನಾಲ್ಕು ಆಯ್ಕೆ ಕೊಟ್ಟು, ಎದೆಯ ಹತ್ತಿರ ಬೆರಳುಗಳಲ್ಲಿ ಆಯ್ಕೆಯನ್ನು ತೋರಿಸಲಿ. ಒಟ್ಟಿಗೆ ತೋರಿಸುವುದು ಮುಖ್ಯ, ಏಕೆಂದರೆ ಪಕ್ಕದವರನ್ನು ನೋಡಿ ಬದಲಾಯಿಸಲು ಸಮಯ ಸಿಕ್ಕರೆ ಇಡೀ ತರಗತಿ ಜಾಣ ಹುಡುಗಿಯೊಬ್ಬಳ ಉತ್ತರವನ್ನೇ ತೋರಿಸುತ್ತದೆ. ಅವಧಿಯ ಕೊನೆಯಲ್ಲಾದರೆ ಒಂದು ತುಂಡು ಕಾಗದದ ಮೇಲೆ ಬರೆಸಿ ಬಾಗಿಲಲ್ಲಿ ಸಂಗ್ರಹಿಸಿ. ಆ ಚೀಟಿಗಳಿಗೆ ಅಂಕ ಬೇಡ, ತಿದ್ದುವುದೂ ಬೇಡ. ಸರಿ ಬಂದವು, ಒಂದು ನಿರ್ದಿಷ್ಟ ತಪ್ಪಿನವು, ಗೊಂದಲದವು ಎಂದು ಮೂರು ಗುಂಪು ಮಾಡಿ ನೋಡಿ. ನಾಳಿನ ಪಾಠ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಪಠ್ಯಪುಸ್ತಕಕ್ಕಿಂತ ಆ ಮೂರು ಗುಂಪುಗಳೇ ಚೆನ್ನಾಗಿ ಹೇಳುತ್ತವೆ.

ಇಂದು ತಲುಪಿದ ಪಾಠ ಮುಂದಿನ ತಿಂಗಳಿಗೂ ಉಳಿದಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಕಲಿತದ್ದು ಬಹುಬೇಗ ಮರೆಯಾಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದ. ಅದಕ್ಕೆ ನಾವು ಸಾಮಾನ್ಯವಾಗಿ ಕಂಡುಕೊಂಡ ಮದ್ದು ಮತ್ತೆ ಓದಿಸುವುದು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಬಾರಿ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಬಾರಿ ಪುಸ್ತಕ ಮುಚ್ಚಿ ನೆನಪಿದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದ ಗುಂಪೇ ಮುಂದಿತ್ತು: ಓದಿದವರಿಗೆ ಶೇಕಡಾ 83ರಷ್ಟು ನೆನಪಿತ್ತು, ಬರೆದವರಿಗೆ 71ರಷ್ಟು. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಶೇಕಡಾ 40, ಬರೆದವರಿಗೆ 61. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಮಾತ್ರ ನಾಲ್ಕು ಬಾರಿ ಓದಿದವರಲ್ಲೇ ಹೆಚ್ಚಿತ್ತು. ಪರೀಕ್ಷೆಯ ಹಿಂದಿನ ಸಂಜೆ ಮಕ್ಕಳು ಗಟ್ಟಿಯಾಗಿ ಓದುತ್ತಾ ಎಲ್ಲ ಬಂತು ಎಂದುಕೊಳ್ಳುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಇದನ್ನು ತರಗತಿಗೆ ಇಳಿಸುವುದು ಕಷ್ಟವಲ್ಲ. ಅವಧಿಯ ಮೊದಲ ಐದು ನಿಮಿಷ, ಹಾಜರಿ ಕರೆಯುವ ಹೊತ್ತಿನಲ್ಲೇ, ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆಗಳಿರಲಿ: ನಿನ್ನೆಯ ಪಾಠದ್ದು ಎರಡು, ಕಳೆದ ವಾರದ್ದು ಒಂದು, ಕಳೆದ ತಿಂಗಳದ್ದು ಒಂದು. ಪುಸ್ತಕ ಮುಚ್ಚಿರಬೇಕು. ಉತ್ತರಗಳನ್ನು ಮಕ್ಕಳೇ ಸರಿಪಡಿಸಿಕೊಳ್ಳಲಿ, ಅಂಕಗಳನ್ನು ಎಲ್ಲಿಯೂ ದಾಖಲಿಸಬೇಡಿ. ಅಂಕ ದಾಖಲಾಯಿತೆಂದರೆ ಅದು ಭಯದ ಟೆಸ್ಟಾಗುತ್ತದೆ, ಮಕ್ಕಳು ನಕಲು ಮಾಡುತ್ತಾರೆ, ನಮಗೂ ಏನೂ ಕಾಣುವುದಿಲ್ಲ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಒಂದೇ ಆಕ್ಷೇಪ ಏಳುತ್ತಿದೆ ಎಂದು ಬಲ್ಲೆ: ಪೋರ್ಷನ್ ಮುಗಿಯಬೇಕಲ್ಲ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವ ಉಪನ್ಯಾಸಕಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೋರ್ಷನ್ ಮುಗಿಸದಿದ್ದರೆ ಉತ್ತರ ಕೊಡಬೇಕಾದವರು ನೀವು, ಅವರಲ್ಲ. ಮೊದಲೇ ತಪ್ಪನ್ನು ಹಿಡಿದರೆ ಕೊನೆಯಲ್ಲಿ ಪುನರಾವರ್ತನೆಗೆ ತಗಲುವ ಸಮಯ ಉಳಿಯುತ್ತದೆ ಎಂಬುದು ನಿಜ, ಆದರೆ ಅಷ್ಟರಿಂದಲೇ ಲೆಕ್ಕ ಪೂರ್ತಿ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಉಳಿದದ್ದನ್ನು ಆಯ್ಕೆಯಿಂದಲೇ ಸರಿದೂಗಿಸಬೇಕು. ಪಠ್ಯದ ಎಲ್ಲ ಅಧ್ಯಾಯಗಳ ತೂಕ ಒಂದೇ ಅಲ್ಲ. ಸ್ಥಾನಬೆಲೆ, ಭಿನ್ನರಾಶಿ, ವಾಕ್ಯದಿಂದ ವಾಕ್ಯಕ್ಕೆ ಅರ್ಥ ಕಟ್ಟಿಕೊಳ್ಳುವ ಓದು, ಕಾರಣ ಮತ್ತು ಪರಿಣಾಮಗಳ ಸಂಬಂಧ, ಇಂಥವುಗಳ ಮೇಲೆ ಮುಂದಿನ ವರ್ಷಗಳ ಕಲಿಕೆ ನಿಂತಿದೆ. ಅಲ್ಲಿ ನಿಧಾನವಾಗಿ ಹೋಗಿ. ಮಾಹಿತಿಯೇ ಪ್ರಧಾನವಾದ ಅಧ್ಯಾಯಗಳನ್ನು ಒಂದು ನಕ್ಷೆ, ಒಂದು ಓದು, ಒಂದು ಚರ್ಚೆಯಲ್ಲಿ ದಾಟಿಸಿ. ಯಾವುದರಲ್ಲಿ ನಿಲ್ಲಬೇಕು, ಯಾವುದನ್ನು ದಾಟಬೇಕು ಎಂಬ ತೀರ್ಮಾನವನ್ನು ಒಂದೇ ವಿಷಯ ಕಲಿಸುವ ಶಿಕ್ಷಕರು ವರ್ಷದ ಆರಂಭದಲ್ಲಿ ಒಟ್ಟಿಗೆ ಕುಳಿತು ಮಾಡಿದರೆ ಅದಕ್ಕೆ ಬಲವೂ ಬರುತ್ತದೆ.

ಸಮಯ ಉಳಿಸುವ ಇನ್ನೊಂದು ಜಾಗವಿದೆ, ಅದು ನಿಮ್ಮ ಮೇಜಿನ ಮೇಲಿನ ನೋಟ್‌ಬುಕ್‌ಗಳ ರಾಶಿ. ತಿದ್ದುವುದು ಕರ್ತವ್ಯನಿಷ್ಠೆಯ ಗುರುತಾಗಿಬಿಟ್ಟಿದೆ. ಕೆಂಪು ಶಾಯಿ ಹೆಚ್ಚಿದ್ದಷ್ಟೂ ಒಳ್ಳೆಯ ಶಿಕ್ಷಕರು ಎಂಬ ಎಣಿಕೆ. ಆದರೆ ತಿದ್ದುವಿಕೆಯ ಫಲ ಅಷ್ಟು ಸರಳವಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ 1996ರಲ್ಲಿ ಹಿಮ್ಮಾಹಿತಿಯ, ಅಂದರೆ ಮಾಡಿದ ಕೆಲಸ ಹೇಗಿದೆ ಎಂದು ಮಾಡಿದವರಿಗೆ ತಿಳಿಸುವುದರ, ಬಗ್ಗೆ ಅದುವರೆಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಅದರಿಂದ ಲಾಭವಿದ್ದರೂ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿ ಪಡೆದವರ ಸಾಧನೆ ಕುಗ್ಗಿತ್ತು. ಗಮನವು ಕೆಲಸದಿಂದ ಸರಿದು "ನಾನೆಂಥವನು" ಎಂಬುದರ ಕಡೆ ತಿರುಗಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಇದಕ್ಕೆ ಮೊದಲು, 1988ರಲ್ಲಿ ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದ್ದರು. ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿಯೂ ಸಾಧನೆಯೂ ಉಳಿದವರಿಗಿಂತ ಮೇಲಿದ್ದವು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರ ಸಾಲಿನಲ್ಲೇ ಹೆಚ್ಚುಕಡಿಮೆ ಉಳಿದರು. ಅಂಕ ಕಂಡ ಮಗು ಮುಂದೆ ಓದುವುದಿಲ್ಲ, ಪಕ್ಕದವರ ಅಂಕ ನೋಡುತ್ತದೆ. ನಿಮ್ಮ ಅನುಭವವೂ ಬೇರೆ ಇರಲಾರದು.

ಹಾಗಾಗಿ ಎರಡು ಮಾತು. ಎಲ್ಲ ಪುಸ್ತಕಗಳ ಎಲ್ಲ ತಪ್ಪುಗಳನ್ನು ತಿದ್ದುವ ಬದಲು, ಎಲ್ಲವನ್ನೂ ವೇಗವಾಗಿ ಓದಿ, ಹೆಚ್ಚು ಜನ ಮಾಡಿದ ಒಂದೆರಡು ತಪ್ಪುಗಳನ್ನು ಗುರುತು ಹಾಕಿಕೊಂಡು, ಮರುದಿನ ಇಡೀ ತರಗತಿಗೆ ಅದನ್ನೇ ಪಾಠ ಮಾಡಿ. ಒಬ್ಬೊಬ್ಬರಿಗೆ ಬರೆಯುವಾಗ ಒಂದೇ ಟಿಪ್ಪಣಿ ಬರೆಯಿರಿ, ಅದು ಮಗು ಏನಾದರೂ ಮಾಡುವಂತಿರಲಿ: "ಎರಡನೇ ಪ್ಯಾರಾದಲ್ಲಿ ಅಭಿಪ್ರಾಯ ಹೇಳಿದ್ದೀಯ, ಕಾರಣ ಹೇಳಿಲ್ಲ, ಪಾಠದಿಂದ ಒಂದು ಕಾರಣ ಹುಡುಕಿ ಸೇರಿಸು." "ಚೆನ್ನಾಗಿದೆ", "ಇನ್ನೂ ಪ್ರಯತ್ನಿಸು" ಎಂಬ ಬರಹಗಳಿಂದ ಯಾರಿಗೂ ಏನೂ ಆಗುವುದಿಲ್ಲ, ಬರೆದವರ ಕೈ ನೋಯುವುದನ್ನು ಬಿಟ್ಟರೆ. ಟಿಪ್ಪಣಿ ಬರೆದ ಮೇಲೆ ಅದರ ಮೇಲೆ ಕೆಲಸ ಮಾಡಲು ತರಗತಿಯಲ್ಲೇ ಹತ್ತು ನಿಮಿಷ ಕೊಡಿ. ಆ ಹತ್ತು ನಿಮಿಷ ಕೊಡಲಾಗದಿದ್ದರೆ ಟಿಪ್ಪಣಿ ಬರೆಯುವ ಶ್ರಮವೂ ಬೇಡ.

ಗದ್ದಲ ಮಾಡುವ ತರಗತಿಯಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಜೇಕಬ್ ಕೌನಿನ್ ಎಂಬ ಮನೋವಿಜ್ಞಾನಿ ತನ್ನ ತರಗತಿಯಲ್ಲಿ ದಿನಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಗದರಿದಾಗ, ಗದರಿಕೆಗೆ ಗುರಿಯಾಗದ ಉಳಿದವರೂ ಬದಲಾದುದನ್ನು ಕಂಡು, ಶಿಸ್ತಿನ ಬಗ್ಗೆ ದೀರ್ಘ ಕಾಲ ಸಂಶೋಧನೆ ನಡೆಸಿದ. ಹಲವು ತರಗತಿಗಳನ್ನು ವಿಡಿಯೋ ಚಿತ್ರೀಕರಿಸಿ 1970ರಲ್ಲಿ ಪ್ರಕಟಿಸಿದ ಆತನ ತೀರ್ಮಾನ ಕುತೂಹಲಕರವಾಗಿತ್ತು: ಗದ್ದಲ ಆದ ಮೇಲೆ ಅದನ್ನು ನಿಭಾಯಿಸುವ ರೀತಿಯಲ್ಲಿ ಯಶಸ್ವಿ ಶಿಕ್ಷಕರಿಗೂ ಇತರರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಅದಕ್ಕೆ ಮೊದಲು. ಯಶಸ್ವಿ ಶಿಕ್ಷಕರಿಗೆ ತರಗತಿಯ ಮೂಲೆಮೂಲೆಯಲ್ಲಿ ಏನಾಗುತ್ತಿದೆ ಎಂಬುದು ತಿಳಿದಿತ್ತು, ಮತ್ತು ಅವರಿಗೆ ತಿಳಿದಿದೆ ಎಂಬುದು ಮಕ್ಕಳಿಗೂ ತಿಳಿದಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಅವರ ಪಾಠದಲ್ಲಿ ಖಾಲಿ ಬಿಡುವು ಇರುತ್ತಿರಲಿಲ್ಲ. ಅಂದರೆ ಇಲ್ಲಿಯೂ ನಾವು ಮಾತಾಡುತ್ತಿರುವುದು ಗಮನದ ಬಗ್ಗೆಯೇ. ಬೋರ್ಡಿಗೆ ಮುಖ ಮಾಡಿ ಬರೆಯುವ ಸಮಯವನ್ನು ಕಡಿಮೆ ಮಾಡಿ, ಮಕ್ಕಳು ಕೆಲಸ ಮಾಡುವಾಗ ಬೆಂಚುಗಳ ನಡುವೆ ಓಡಾಡಿ, ತೀರ ಹಿಂದಿನಿಂದಲೂ ಒಮ್ಮೆ ತರಗತಿಯನ್ನು ನೋಡಿ. ಗದರುವ ಅಗತ್ಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ.

ಕೊನೆಯದಾಗಿ ನಿಮ್ಮ ಬಗ್ಗೆಯೇ ಕೆಲವು ಮಾತು. ವೃತ್ತಿಯ ಬಳಲಿಕೆಯನ್ನು ಅಧ್ಯಯನ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಅದರ ಮೂರು ಮುಖಗಳನ್ನು ಗುರುತಿಸಿದ್ದಾರೆ: ಭಾವನಾತ್ಮಕವಾಗಿ ಬರಿದಾಗುವುದು, ಎದುರಿಗಿರುವವರನ್ನು ಮನುಷ್ಯರಂತೆ ಕಾಣದೆ ದೂರವಾಗುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎನಿಸುವುದು. ತರಗತಿಯ ಗಾತ್ರ, ಸಂಬಳ, ಬೋಧನೆಯಲ್ಲದ ಕೆಲಸಗಳ ಹೊರೆ, ಮೇಲಿನವರ ಒತ್ತಡ ಇವೆಲ್ಲ ಮೊದಲನೆಯದನ್ನು ತರುತ್ತವೆ, ಮತ್ತು ಇವು ಶಿಕ್ಷಕರ ಉತ್ಸಾಹದಿಂದ ಪರಿಹಾರವಾಗುವ ಸಂಗತಿಗಳಲ್ಲ. ಇವುಗಳಿಗೆ ಒಗ್ಗಟ್ಟಿನಿಂದ ಕೇಳುವುದು, ಆಡಳಿತವು ಸ್ಪಂದಿಸುವುದು ಬೇಕು. ದಣಿದ ಶಿಕ್ಷಕರಿಗೆ "ನಗುನಗುತ್ತಾ ಕೆಲಸ ಮಾಡಿ" ಎನ್ನುವುದು ಅವಮಾನವೇ ಸರಿ. ಆದರೆ ಮೂರನೆಯ ಮುಖದ ಬಗ್ಗೆ ನಮ್ಮ ಕೈಯಲ್ಲೇ ಸ್ವಲ್ಪ ಇದೆ. ಏನೂ ಆಗುತ್ತಿಲ್ಲ ಎನಿಸುವುದಕ್ಕೆ ಒಂದು ಕಾರಣ, ಆಗುತ್ತಿರುವುದು ನಮಗೆ ಕಾಣದೆ ಇರುವುದು. ಸೋಮವಾರ ಮೂರನೇ ಗುಂಪಿನಲ್ಲಿದ್ದ ಚೀಟಿ ಗುರುವಾರ ಮೊದಲನೇ ಗುಂಪಿಗೆ ಬಂದರೆ ಅದು ನಿಮ್ಮ ಕೆಲಸ, ನಿಮ್ಮ ಕಣ್ಣೆದುರಿಗಿದೆ. ವರ್ಷದ ಕೊನೆಯ ಫಲಿತಾಂಶದ ಪಟ್ಟಿಗಾಗಿ ಕಾಯಬೇಕಾಗಿಲ್ಲ.

ಶಿಕ್ಷಕರ ನಂಬಿಕೆ ಮೊದಲು ಬದಲಾಗಿ ಆಮೇಲೆ ಅವರ ಪಾಠ ಬದಲಾಗುವುದಿಲ್ಲ, ಮಕ್ಕಳು ಕಲಿತದ್ದು ಕಣ್ಣಿಗೆ ಕಂಡ ಮೇಲೆಯೇ ನಂಬಿಕೆ ಬದಲಾಗುತ್ತದೆ ಎಂದು ಥಾಮಸ್ ಗಸ್ಕಿ 1986ರಲ್ಲಿ ವಾದಿಸಿದ್ದರು. ಆದ್ದರಿಂದ ನನ್ನ ಮಾತುಗಳನ್ನು ನೀವು ಇಂದೇ ನಂಬಬೇಕಾಗಿಲ್ಲ. ನಿಮ್ಮ ಒಂದು ತರಗತಿಯನ್ನು ಆರಿಸಿಕೊಳ್ಳಿ, ಅತಿ ಕಷ್ಟದ್ದು ಬೇಡ, ಇವುಗಳಲ್ಲಿ ಒಂದನ್ನು ಆರು ವಾರ ಮಾಡಿ ನೋಡಿ, ಉಳಿದ ತರಗತಿಗಳು ಹೇಗಿವೆಯೋ ಹಾಗೇ ಇರಲಿ. ಸಾಧ್ಯವಿದ್ದರೆ ಸಹೋದ್ಯೋಗಿಯೊಬ್ಬರನ್ನು ಒಂದು ಅವಧಿಗೆ ಕರೆಯಿರಿ, ಆದರೆ "ನನ್ನ ಪಾಠ ಹೇಗಿತ್ತು" ಎಂದು ಕೇಳಬೇಡಿ. ಹಿಂದಿನ ಎರಡು ಬೆಂಚಿನ ಮಕ್ಕಳನ್ನಷ್ಟೇ ನೋಡಿ, ಅವರು ಏನು ಬರೆದರು, ಯಾವಾಗ ಕೈಬಿಟ್ಟರು ಎಂದು ಹೇಳಲು ಕೇಳಿಕೊಳ್ಳಿ. ಪರೀಕ್ಷಿಸಲ್ಪಡುತ್ತಿದ್ದೇನೆ ಎಂಬ ಮುಜುಗರ ಆಗ ಇಬ್ಬರಿಗೂ ಇರುವುದಿಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಅರವತ್ತು ಮಕ್ಕಳಿರುವ ತರಗತಿಯಲ್ಲಿ ಚೀಟಿ ಓದುವುದು ಹೇಗೆ ಎಂದು ಒಬ್ಬರು ಕೇಳಿದರು. ಎಲ್ಲರಿಂದಲೂ ಬರೆಸಿ, ಹದಿನೈದನ್ನು ಓದಿ. ಮುಂದಿನ ಬಾರಿ ಬೇರೆ ಹದಿನೈದು. ಯಾರದ್ದನ್ನು ಓದುತ್ತೀರಿ ಎಂಬುದು ಮಕ್ಕಳಿಗೆ ಮೊದಲೇ ತಿಳಿಯದಿರಲಿ, ಮತ್ತು ಆ ಹದಿನೈದರಲ್ಲಿ ಹಿಂದಿನ ಬೆಂಚಿನವರು ಕಡ್ಡಾಯವಾಗಿ ಇರಲಿ.

ಇನ್ನೊಂದು ಪ್ರಶ್ನೆ ಹೆಚ್ಚು ಕಠಿಣವಾಗಿತ್ತು: ಏಳನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಮಟ್ಟದಲ್ಲಿ ಓದುವ ಮಗುವಿಗೆ ಏನು ಮಾಡುವುದು? ಏಳನೇ ತರಗತಿಯ ಪಾಠವನ್ನೇ ನಿಧಾನವಾಗಿ ಮಾಡುವುದರಿಂದ ಆ ಮಗುವಿಗೆ ಏನೂ ದಕ್ಕುವುದಿಲ್ಲ. ಅದು ಎಲ್ಲಿ ನಿಂತಿದೆ ಎಂದು ಒಂದು ಸಣ್ಣ ಪ್ಯಾರಾ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ ಕಂಡುಕೊಂಡು, ಅಲ್ಲಿಂದಲೇ ಆರಂಭಿಸಬೇಕು. ಒಬ್ಬ ಶಿಕ್ಷಕರಿಂದ ಇದು ಆಗುವುದಿಲ್ಲ. ಶಾಲೆಯಲ್ಲಿ ದಿನಕ್ಕೆ ಒಂದು ಅವಧಿಯನ್ನು ಮೀಸಲಿಟ್ಟು, ಆ ಹೊತ್ತಿನಲ್ಲಿ ಮಕ್ಕಳನ್ನು ತರಗತಿಯ ಪ್ರಕಾರವಲ್ಲದೆ ಅವರ ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ, ಎಲ್ಲ ಶಿಕ್ಷಕರೂ ಒಂದೊಂದು ಗುಂಪನ್ನು ವಹಿಸಿಕೊಳ್ಳಬೇಕು. ಗುಂಪುಗಳು ಶಾಶ್ವತವಾಗಬಾರದು, ಕೆಲವು ವಾರಗಳಿಗೊಮ್ಮೆ ಮತ್ತೆ ಓದಿಸಿ ನೋಡಿ, ಮೇಲೇರಿದವರನ್ನು ಅಂದೇ ಮುಂದಿನ ಗುಂಪಿಗೆ ಕಳುಹಿಸಬೇಕು. ಅತ್ಯಂತ ಕೆಳಗಿನ ಗುಂಪನ್ನು ಶಾಲೆಯ ಅತ್ಯಂತ ಅನುಭವಿ ಶಿಕ್ಷಕರೇ ತೆಗೆದುಕೊಳ್ಳಲಿ ಎಂದು ಹೇಳಿದಾಗ ಸಭೆಯಲ್ಲಿ ಸ್ವಲ್ಪ ಗುಸುಗುಸು ಎದ್ದಿತು. ಆದರೂ ಆ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.